‘ರಾಬ್’, ‘ಸ್ಟೀಲ್’ ಮತ್ತು ‘ದೋಚು’: ಗೋಲ್ಡ್‌ಬರ್ಗ್ ವಿವರಣೆಯ ಮರುಪರಿಶೀಲನೆ

ಇಂಗ್ಲಿಷಿನ ‘ರಾಬ್’ ಮತ್ತು ‘ಸ್ಟೀಲ್’ ಕ್ರಿಯಾಪದಗಳೆರಡೂ ಕಳ್ಳ, ಕಳೆದುಕೊಂಡವ, ಸ್ವತ್ತು ಎಂಬ ಮೂರು ಪಾತ್ರಗಳನ್ನು ಸೂಚಿಸುತ್ತವೆ. ಆದರೆ ‘ರಾಬ್’ ಕಳೆದುಕೊಂಡವನನ್ನೂ ‘ಸ್ಟೀಲ್’ ಸ್ವತ್ತನ್ನೂ ಕರ್ಮಸ್ಥಾನದಲ್ಲಿ ಇರಿಸುತ್ತವೆ. ಆಯಾ ಕ್ರಿಯಾಪದವು ತನ್ನ ಅರ್ಥದಲ್ಲೇ ಆಯಾ ಪಾತ್ರವನ್ನು ಮುನ್ನೆಲೆಗೆ ತರುತ್ತದೆ ಎಂಬುದು ಅಡೆಲ್ ಗೋಲ್ಡ್‌ಬರ್ಗ್ 1995ರ ‘ಕನ್‌ಸ್ಟ್ರಕ್ಷನ್ಸ್’ ಕೃತಿಯಲ್ಲಿ ನೀಡಿದ ವಿವರಣೆ. ಯಾವ ಪಾತ್ರ ಮುನ್ನೆಲೆಯಲ್ಲಿದೆ? ಕರ್ಮವಾಗಿರುವುದು. ಅದೇಕೆ ಕರ್ಮವಾಯಿತು? ಮುನ್ನೆಲೆಯಲ್ಲಿರುವುದರಿಂದ. ಹೀಗೆ ಈ ವಿವರಣೆಯ ಮೇಲೆ ಅನ್ಯೋನ್ಯಾಶ್ರಯ ದೋಷವನ್ನು ಹೊರಿಸುವುದು ಸುಲಭ.

ಆ ಆಕ್ಷೇಪ ಆತುರದ್ದೆಂದು ನಾವು ಭಾವಿಸುತ್ತೇವೆ. ‘ರಾಬ್’ಗೆ ಗುರಿಯಾದವನಿಗೆ ಗಂಭೀರ ಹಾನಿ ತಟ್ಟಿರಬೇಕೆಂಬ ಸ್ವತಂತ್ರ ಅರ್ಥಸಾಕ್ಷ್ಯವನ್ನು ಗೋಲ್ಡ್‌ಬರ್ಗ್ ಒದಗಿಸಿದ್ದಾರೆ. ಸಿರಿವಂತನ ಒಂದು ಪೆನ್ನಿಯನ್ನು ತೆಗೆದರೆ ‘ಸ್ಟೀಲ್’ ಹೊಂದುತ್ತದೆ, ‘ರಾಬ್’ ಹೊಂದದು; ಅದೇ ಪೆನ್ನಿ ನಿರ್ಗತಿಕನ ಕೊನೆಯ ಕಾಸಾಗಿದ್ದರೆ ‘ರಾಬ್’ ಎನ್ನಲು ಅಡ್ಡಿಯಿಲ್ಲ. ಈ ಸಾಕ್ಷ್ಯವನ್ನು ಇನ್ನಷ್ಟು ಮುಂದಕ್ಕೆ ಒಯ್ಯಬಹುದು. ಒಬ್ಬನ ಘನತೆಯನ್ನು ‘ರಾಬ್’ ಮಾಡಿದಾಗ ಅದು ಮತ್ತೊಬ್ಬನ ಕೈಸೇರುವುದಿಲ್ಲ. ಕಳೆದುಕೊಂಡದ್ದೇ ಅಲ್ಲಿ ಮುಖ್ಯ. ‘ಸ್ಟೀಲ್ ಎ ಗ್ಲಾನ್ಸ್’ ಎಂದಾಗಲಾದರೋ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಉಳಿಯುವುದು ಗುಟ್ಟು ಮಾತ್ರ. ಬ್ರಿಟನ್, ಐರ್ಲೆಂಡುಗಳ ಆಡುಮಾತಿನಲ್ಲಿ ‘ಹೀ ರಾಬ್ಡ್ ಮೈ ಪೆನ್’ ಎಂಬ ಬಗೆಯ ಪ್ರಯೋಗವಿದೆ. ಅಲ್ಲಿ ಸ್ವತ್ತು ಕರ್ಮವಾದೊಡನೆ ಗಂಭೀರ ಹಾನಿಯ ಷರತ್ತೂ ಸಡಿಲಗೊಂಡಿದೆ. ಇದು ಗೋಲ್ಡ್‌ಬರ್ಗ್ ಅವರಿಗೆ ಅನುಕೂಲವಾದ ಸಂಗತಿಯೇ.

ತೊಡಕು ಎದುರಾಗುವುದು ಕನ್ನಡದ ‘ದೋಚು’ವಿನಲ್ಲಿ. ‘ಪ್ರಯಾಣಿಕರನ್ನು ದೋಚಿದರು’, ‘ಪ್ರಯಾಣಿಕರಿಂದ ಹಣವನ್ನು ದೋಚಿದರು’ ಎರಡೂ ಸಹಜ ವಾಕ್ಯಗಳು. (‘ಕದಿ’ಗೆ ಈ ಸ್ವಾತಂತ್ರ್ಯವಿಲ್ಲ: ‘ಬ್ಯಾಂಕನ್ನು ಕದ್ದರು’ ಎಂದರೆ ಕಟ್ಟಡವೇ ಮಾಯವಾಯಿತೆಂದು ಅರ್ಥ!) ಕರ್ಮ ಬದಲಾದರೂ ‘ದೋಚು’ವಿನ ತೀವ್ರತೆ ಬದಲಾಗುವುದಿಲ್ಲ, ‘ನನ್ನ ಪೆನ್ನು ದೋಚಿದ’ ಎಂಬುದು ನಮ್ಮ ಕಿವಿಗೆ ತಮಾಷೆಯಾಗಿಯೇ ಕೇಳುತ್ತದೆ. ಮೊದಲ ವಾಕ್ಯದ ‘ಪ್ರಯಾಣಿಕರು’ ಅವರ ಬಳಿಯಿದ್ದ ಹಣಕ್ಕೆ ಲಾಕ್ಷಣಿಕವಾಗಿ ನಿಂತಿದೆ ಎಂಬ ಸಮಾಧಾನ ಬ್ಯಾಂಕು, ಅಂಗಡಿಗಳ ವಿಷಯದಲ್ಲಿ ಒಪ್ಪಬಹುದಾದದ್ದು. ವ್ಯಕ್ತಿಗಳ ವಿಷಯದಲ್ಲಿ ಅದು ಬಲವಂತದ ವ್ಯಾಖ್ಯಾನವಾಗುತ್ತದೆ.

ಹಾಗಾದರೆ ಹಾನಿಯ ತೀವ್ರತೆಗೂ ಕರ್ಮದ ಆಯ್ಕೆಗೂ ಅನಿವಾರ್ಯ ನಂಟಿಲ್ಲ. ಇಂಗ್ಲಿಷಿನಲ್ಲಿ ಅವೆರಡು ಜೊತೆಯಾಗಿ ಬಂದಿವೆ, ಅಷ್ಟೆ. ‘ದೋಚು’ವಿಗೆ ಎರಡು ಪ್ರತ್ಯೇಕ ಮುನ್ನೆಲೆಗಳಿವೆ ಎಂದು ಗೋಲ್ಡ್‌ಬರ್ಗ್ ಪಕ್ಷದವರು ಉತ್ತರಿಸಬಹುದು. ಆದರೆ ಆ ಎರಡನ್ನು ಬೇರ್ಪಡಿಸಲು ಕರ್ಮವನ್ನು ಬಿಟ್ಟು ಬೇರಾವ ಅರ್ಥಸಾಕ್ಷ್ಯವೂ ನಮಗೆ ಕಾಣುತ್ತಿಲ್ಲ. ಇಂಗ್ಲಿಷಿನ ಮಟ್ಟಿಗೆ ತಪ್ಪಿಸಿಕೊಂಡಿದ್ದ ಅನ್ಯೋನ್ಯಾಶ್ರಯ ದೋಷ ಇಲ್ಲಿ ನಿಜಕ್ಕೂ ತಗಲುತ್ತದೆ.