ಜೊತೆಗಾರ ಬಿದ್ದಾಗ: ಕೋ-ಆಪ್ ಶೂಟರ್ ಆಟಗಳ ರಸಿಕರಿಗೊಂದು ಕೈಪಿಡಿ

ಆಟಗಾರ ತನ್ನ ಪಾತ್ರದ ಕಣ್ಣಿನಿಂದಲೇ ಲೋಕವನ್ನು ನೋಡುತ್ತ ಗುಂಡು ಹಾರಿಸುವ ವಿಡಿಯೋ ಗೇಮ್‌ಗೆ ಫಸ್ಟ್ ಪರ್ಸನ್ ಶೂಟರ್ ಎಂದು ಹೆಸರು. ಪರದೆಯ ಕೆಳಭಾಗದಲ್ಲಿ ಕೈ, ಬಂದೂಕು ಕಾಣುತ್ತವೆ. ಸ್ವಂತ ಬೆನ್ನು ಎಂದೂ ಕಾಣುವುದಿಲ್ಲ. ಇಬ್ಬರೋ ನಾಲ್ವರೋ ಒಂದೇ ಪಕ್ಷದಲ್ಲಿ ನಿಂತು, ಕಂಪ್ಯೂಟರ್ ನಡೆಸುವ ಶತ್ರುಗಳನ್ನು ಎದುರಿಸುವ ಬಗೆಯನ್ನು ಆಡುವವರು ಕೋ-ಆಪ್ ಎನ್ನುತ್ತಾರೆ. ಕಾಣದ ಬೆನ್ನನ್ನು ಕಾಯಲು ಇನ್ನೊಬ್ಬರು ಬೇಕಾಗುತ್ತಾರೆ, ಈ ಬಗೆಯ ಆಟ ಹುಟ್ಟಿದ್ದೇ ಅಲ್ಲಿ.

ಹೊಸಬರ ಕಣ್ಣು ಸಹಜವಾಗಿ ಬಂದೂಕಿನ ಕಡೆಗೇ ಹೋಗುತ್ತದೆ. ಗುರಿ ಎಷ್ಟು ಚೊಕ್ಕ, ಕೈ ಎಷ್ಟು ಚುರುಕು, ಯಾರು ಎಷ್ಟು ಕೊಂದರು ಎಂದು ಲೆಕ್ಕ ಹಾಕುತ್ತಾರೆ. ಎರಡು ತಂಡಗಳ ಪಂದ್ಯ ನೋಡಲು ಇಷ್ಟು ಸಾಕು, ಕೋ-ಆಪ್‌ಗೆ ಸಾಲದು. ಇಲ್ಲಿನ ರಸ ಇರುವುದು ಜೊತೆಯಾಗಿ ಆಡುವವರ ನಡುವೆ. ಅದು ದಕ್ಕಬೇಕಾದರೆ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಬೇಕು: ಜೊತೆಗಾರ ನೆಲಕ್ಕೆ ಬಿದ್ದಾಗ ಆಟ ಉಳಿದವರಿಂದ ಏನು ಕೇಳುತ್ತದೆ? 1993ರಿಂದ ಈಚೆಗೆ ಬಂದ ದೊಡ್ಡ ಆಟಗಳೆಲ್ಲ ಇದಕ್ಕೆ ತಮ್ಮದೇ ಉತ್ತರ ಕೊಟ್ಟಿವೆ.

ಮೊದಲ ಮುಖ್ಯ ಉತ್ತರ ಡೂಮ್‌ನದು. ಅಮೆರಿಕದ ಇಡ್ ಸಾಫ್ಟ್‌ವೇರ್ 1993ರ ಡಿಸೆಂಬರ್‌ನಲ್ಲಿ ಹೊರತಂದ ಈ ಆಟವನ್ನು ಒಂದೇ ಜಾಗದ ಕಂಪ್ಯೂಟರ್‌ಗಳನ್ನು ಜೋಡಿಸುವ ಲ್ಯಾನ್ ಮೇಲೆ ನಾಲ್ವರು, ಮೋಡೆಮ್ ಮೂಲಕ ಇಬ್ಬರು ಕೂಡಿ ಆಡಬಹುದಿತ್ತು. ಸತ್ತವನು ಆ ಹಂತದ ಆರಂಭದ ಜಾಗದಲ್ಲಿ ಬರೀ ಪಿಸ್ತೂಲು ಹಿಡಿದು ಮತ್ತೆ ಎದ್ದುಬರುತ್ತಿದ್ದ. ಅಷ್ಟರಲ್ಲಿ ಕೊಂದಿದ್ದ ರಾಕ್ಷಸರು ಸತ್ತೇ ಇರುತ್ತಿದ್ದರು. ಹಾಗಾಗಿ ಸಾವಿಗೆ ಹೆಚ್ಚು ಬೆಲೆ ಇರಲಿಲ್ಲ, ಉಳಿದವರು ತಿರುಗಿ ನೋಡಬೇಕಾದ ಅಗತ್ಯವೂ ಇರಲಿಲ್ಲ. ಆದರೂ ಡೂಮ್ ಕೂಡಿ ಆಡುವುದರ ಬಗ್ಗೆ ಯೋಚಿಸಿತ್ತು. ಒಬ್ಬ ಎತ್ತಿಕೊಂಡ ಬಂದೂಕು ಉಳಿದವರಿಗಾಗಿ ಅಲ್ಲೇ ಇರುತ್ತಿತ್ತು. ಗಾಯಕ್ಕೆ ಹಾಕುವ ಮದ್ದಿನ ಪೆಟ್ಟಿಗೆ ಮಾತ್ರ ಮೊದಲು ತುಳಿದವನ ಪಾಲು. ಗೆಳೆಯನ ಗುಂಡು ಗೆಳೆಯನಿಗೂ ತಗಲುತ್ತಿತ್ತು. ಎಫ್12 ಕೀಲಿ ಒತ್ತಿದರೆ ಜೊತೆಗಾರನ ಕಣ್ಣಿಗೆ ಕಾಣುವುದು ತನ್ನ ಪರದೆಯ ಮೇಲೆ ಮೂಡುತ್ತಿತ್ತು. ಜೊತೆಗಾರ ಎಲ್ಲಿದ್ದಾನೆ, ಏನು ನೋಡುತ್ತಿದ್ದಾನೆ ಎಂದು ತಿಳಿಯುವ ಆಸೆ ಆ ಒಂದು ಕೀಲಿಯಲ್ಲಿ ಆಗಲೇ ಇತ್ತು.

1996ರಲ್ಲಿ ಬಂದ ಕ್ವೇಕ್ ಇಂಟರ್ನೆಟ್ ಮೇಲೆ ಆಡುವುದನ್ನು ಸುಲಭ ಮಾಡಿತು. ಆದರೆ ಅದರ ಕೀರ್ತಿ ಬೆಳೆದದ್ದು ಎದುರಾಳಿಗಳ ಕಾಳಗದಿಂದ. ಕೋ-ಆಪ್ ಅನ್ನು ಜೀವಂತವಾಗಿಟ್ಟವರು ಹವ್ಯಾಸಿಗಳು. ಹಾಫ್-ಲೈಫ್ ಆಟವನ್ನು ತಿದ್ದಿ 1999ರ ಆರಂಭದಲ್ಲಿ ಹೊರತಂದ ಸ್ವೆನ್ ಕೋ-ಆಪ್ ಇದಕ್ಕೆ ಒಳ್ಳೆಯ ನಿದರ್ಶನ. 2016ರಿಂದ ಅದು ಸ್ವತಂತ್ರ ಆಟವಾಗಿ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಉಚಿತವಾಗಿ ಸಿಗುತ್ತಿದೆ.

ಅದೇ ಹೊತ್ತಿಗೆ ಟಿವಿಯ ಮುಂದೆ ಬೇರೊಂದು ಪರಂಪರೆ ಬೆಳೆಯುತ್ತಿತ್ತು. ಒಂದೇ ಪರದೆಯನ್ನು ಎರಡು ಭಾಗ ಮಾಡಿ, ಪಕ್ಕಪಕ್ಕದಲ್ಲಿ ಕುಳಿತ ಇಬ್ಬರು ಆಡುವ ಸ್ಪ್ಲಿಟ್ ಸ್ಕ್ರೀನ್ ಪದ್ಧತಿ ಅದು. 2000ದ ಪರ್ಫೆಕ್ಟ್ ಡಾರ್ಕ್‌ನಲ್ಲಿ ಇಬ್ಬರು ಕೂಡಿ ಕಥೆ ಮುಗಿಸಬಹುದಿತ್ತು. ಅದಲ್ಲದೆ ಎರಡನೆಯವನು ಶತ್ರು ಕಾವಲುಗಾರರೊಳಗೆ ಸೇರಿಕೊಂಡು ಮೊದಲನೆಯವನನ್ನು ತಡೆಯುವ ವಿಚಿತ್ರ ಬಗೆಯೂ ಇತ್ತು. ಮರುವರ್ಷ ಬಂದ ಹೇಲೋ: ಕಾಂಬ್ಯಾಟ್ ಇವಾಲ್ವ್ಡ್ ನಮ್ಮ ಪ್ರಶ್ನೆಗೆ ಹೊಸ ಉತ್ತರ ಕೊಟ್ಟಿತು. ಸತ್ತವನು ಹಂತದ ಆರಂಭಕ್ಕೆ ಹೋಗುವುದಿಲ್ಲ. ಬದುಕಿರುವವನು ಕಾಳಗದಿಂದ ಸರಿದು ಸುರಕ್ಷಿತ ಜಾಗ ಸೇರಿದಾಗ ಅವನ ಪಕ್ಕದಲ್ಲೇ ಹುಟ್ಟುತ್ತಾನೆ. ಇಬ್ಬರೂ ಸತ್ತರೆ ಮಾತ್ರ ಹಿಂದಿನ ತಾಣದಿಂದ ಮತ್ತೆ ಶುರು. ಸಣ್ಣ ನಿಯಮವಾದರೂ ಆಟದ ರೀತಿಯನ್ನೇ ಬದಲಿಸಿತು. ಗೆಲ್ಲಬೇಕಾದರೆ ಈಗ ಒಬ್ಬ ಹಿಂದೆ ಸರಿಯಬೇಕು. ಶೂಟರ್ ಆಟದಲ್ಲಿ ಹಿಂದೆ ಸರಿಯುವುದಕ್ಕೆ ಇಷ್ಟು ಗೌರವ ತಂದದ್ದು ದೊಡ್ಡ ಸಂಗತಿ. 2007ರ ಹೇಲೋ 3ರಲ್ಲಿ ಆನ್‌ಲೈನ್‌ನಲ್ಲಿ ನಾಲ್ವರು ಕೂಡಿ ಕಥೆ ಆಡುವಂತಾಯಿತು. 2015ರ ಹೇಲೋ 5 ಸ್ಪ್ಲಿಟ್ ಸ್ಕ್ರೀನ್ ಅನ್ನೇ ಕೈಬಿಟ್ಟಿತು. ಅಭಿಮಾನಿಗಳಿಗೆ ಅದು ನೋವು ತಂದಿತು, ಆ ನೋವು ನ್ಯಾಯವಾದದ್ದೇ.

2008ರ ನವೆಂಬರ್‌ನಲ್ಲಿ ವಾಲ್ವ್ ಹೊರತಂದ ಲೆಫ್ಟ್ 4 ಡೆಡ್ ಈ ಪ್ರಕಾರದ ನಡುಗಂಬ. ಸೋಂಕು ಹರಡಿದ ಊರುಗಳ ನಡುವೆ ಬಿಲ್, ಫ್ರಾನ್ಸಿಸ್, ಝೋಯಿ, ಲೂಯಿಸ್ ಎಂಬ ನಾಲ್ವರು ಒಂದು ಸುರಕ್ಷಿತ ಕೋಣೆಯಿಂದ ಇನ್ನೊಂದಕ್ಕೆ ಸಾಗಬೇಕು. ಸ್ಮೋಕರ್ ಎಂಬ ಪಿಶಾಚಿ ದೂರದಿಂದ ನಾಲಿಗೆ ಚಾಚಿ ಒಬ್ಬನನ್ನು ಎಳೆದೊಯ್ಯುತ್ತದೆ. ಹಂಟರ್ ಹಾರಿಬಂದು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಹಂಟರ್‌ನ ಹಿಡಿತಕ್ಕೆ ಸಿಕ್ಕವನು ಎಂಥ ನಿಪುಣನಾದರೂ ತನ್ನನ್ನು ತಾನು ಬಿಡಿಸಿಕೊಳ್ಳಲಾರ, ಇನ್ನೊಬ್ಬ ಬಂದೇ ಬಿಡಿಸಬೇಕು. ಅತ್ಯುತ್ತಮ ಆಟಗಾರನನ್ನೂ ಸಹಾಯಕ್ಕಾಗಿ ಕೂಗುವಂತೆ ಮಾಡಿದ ವಿನ್ಯಾಸ ಇದು. ಡೂಮ್‌ನಲ್ಲಿ ಒಳ್ಳೆಯ ಆಟಗಾರ ಗೆಳೆಯರನ್ನು ಬಿಟ್ಟು ಮುಂದೆ ಓಡಬಹುದಿತ್ತು. ಇಲ್ಲಿ ಮುಂದೆ ಓಡಿದವನೇ ಮೊದಲು ಬೀಳುತ್ತಾನೆ.

ಬೀಳುವುದರಲ್ಲೂ ಮೆಟ್ಟಿಲುಗಳಿವೆ. ಶಕ್ತಿ ಮುಗಿದವನು ತಕ್ಷಣ ಸಾಯುವುದಿಲ್ಲ; ನೆಲದ ಮೇಲೆ ಬಿದ್ದುಕೊಂಡೇ ಪಿಸ್ತೂಲಿನಿಂದ ಹೋರಾಡುತ್ತ ಯಾರಾದರೂ ಕೈಹಿಡಿದು ಎತ್ತಲಿ ಎಂದು ಕಾಯುತ್ತಾನೆ. ಚಿಕಿತ್ಸೆ ಪಡೆಯದೆ ಎರಡು ಸಲ ಬಿದ್ದು ಎದ್ದವನ ಪರದೆ ಕಪ್ಪು-ಬಿಳುಪಾಗುತ್ತದೆ. ಮತ್ತೊಮ್ಮೆ ಬಿದ್ದರೆ ಸಾವು. ಸತ್ತವನೂ ಮುಂದೆ ಎಲ್ಲೋ ಒಂದು ಮುಚ್ಚಿದ ಕೋಣೆಯೊಳಗಿಂದ ಬಾಗಿಲು ತೆರೆಯಿರಿ ಎಂದು ಕೂಗಬಹುದು. ಜೊತೆಗಾರರ ಮೈಯ ಗೆರೆ ಗೋಡೆಯಾಚೆಯಿಂದಲೂ ಕಾಣುತ್ತದೆ. ಮದ್ದಿನ ಪೆಟ್ಟಿಗೆಯನ್ನು ತನಗೆ ಬಳಸಬಹುದು, ಇನ್ನೊಬ್ಬರಿಗೂ ಬಳಸಬಹುದು. ಮಾತ್ರೆಗಳನ್ನು ಕೈಗೇ ಕೊಡಬಹುದು. ಹೊಸ ರಸಿಕರು ಗಮನವಿಟ್ಟು ನೋಡಬೇಕಾದ ಗಳಿಗೆ ಇದೇ: ತನ್ನ ಶಕ್ತಿ ಅರ್ಧಕ್ಕಿಳಿದ ಆಟಗಾರ ಒಂದೇ ಪೆಟ್ಟಿಗೆ ಹಿಡಿದು ತನಗಿಂತ ನಿತ್ರಾಣವಾದವನ ಮುಂದೆ ನಿಲ್ಲುತ್ತಾನೆ. ಅವನು ಆಗ ಮಾಡುವ ಆಯ್ಕೆಯಲ್ಲಿ ಅವನ ಆಟದ ಮಟ್ಟ ಗೊತ್ತಾಗುತ್ತದೆ.

ಈ ಆಟದ ಇನ್ನೊಂದು ಕಾಣಿಕೆ ಡೈರೆಕ್ಟರ್ ಎಂಬ ತೆರೆಮರೆಯ ವ್ಯವಸ್ಥೆ. ಒಬ್ಬೊಬ್ಬ ಆಟಗಾರನ ಮೇಲೆ ಎಷ್ಟು ಒತ್ತಡ ಬಿದ್ದಿದೆ ಎಂದು ಅದು ಅಳೆಯುತ್ತದೆ. ಒತ್ತಡ ತುದಿಗೇರಿದಾಗ ಶತ್ರುಗಳನ್ನು ತಡೆದು ಉಸಿರಾಡಲು ಬಿಡುತ್ತದೆ, ಬಳಿಕ ಮತ್ತೆ ಏರಿಸುತ್ತದೆ. ಆದ್ದರಿಂದ ಒಂದೇ ದಾರಿಯಲ್ಲಿ ಹತ್ತು ಸಲ ನಡೆದರೂ ಹತ್ತೂ ಸಲ ಬೇರೆ ಆಟ. ನಡುನಡುವೆ ಬರುವ ಮೌನವನ್ನು ಖಾಲಿ ಹೊತ್ತು ಎಂದು ಹೊಸಬರು ಬಗೆಯಬಾರದು. ತಂಡ ಮಾತಾಡಿಕೊಳ್ಳುವುದು, ಗುಂಡು ತುಂಬಿಕೊಳ್ಳುವುದು, ಯಾರಿಗೆ ಏನು ಬೇಕು ಎಂದು ವಿಚಾರಿಸುವುದು ಆಗಲೇ.

2008ರ ಅದೇ ನವೆಂಬರ್‌ನಲ್ಲಿ ಬಂದ ಕಾಲ್ ಆಫ್ ಡ್ಯೂಟಿ: ವರ್ಲ್ಡ್ ಅಟ್ ವಾರ್ ನಾಲ್ವರು ಒಂದು ಮನೆಯೊಳಗೆ ಸೇರಿ ಅಲೆಯಲೆಯಾಗಿ ಬರುವ ಝಾಂಬಿಗಳನ್ನು ತಡೆಯುವ ಬಗೆಯನ್ನು ಜನಪ್ರಿಯಗೊಳಿಸಿತು. 2009ರ ಕಿಲ್ಲಿಂಗ್ ಫ್ಲೋರ್‌ನದೂ ಇದೇ ದಾರಿ; ಅಲ್ಲಿನ ಸೂಜಿಮದ್ದು ತನಗೆ ಚುಚ್ಚಿಕೊಂಡರೆ ಕಡಿಮೆ, ಗೆಳೆಯನಿಗೆ ಚುಚ್ಚಿದರೆ ಹೆಚ್ಚು ಫಲ ಕೊಡುತ್ತದೆ. ಇವೆರಡರಲ್ಲೂ ಸತ್ತವರು ಕಾಯಬೇಕು, ಉಳಿದವರು ಆ ಸುತ್ತನ್ನು ದಾಟಿಸಿದರೆ ಮರಳುತ್ತಾರೆ. ಕಬಡ್ಡಿಯಲ್ಲಿ ಔಟಾಗಿ ಹೊರಗೆ ಕುಳಿತವನನ್ನು ತಂಡದ ಅಂಕ ಮತ್ತೆ ಅಂಕಣಕ್ಕೆ ಕರೆತರುವ ಕ್ರಮ ಬಲ್ಲವರಿಗೆ ಈ ಕಾಯುವಿಕೆಯ ತಳಮಳವನ್ನು ವಿವರಿಸಬೇಕಾಗಿಲ್ಲ. ಕೊನೆಗೆ ಒಬ್ಬನೇ ಉಳಿದು, ಮೂವರು ಅವನ ಕಣ್ಣಿನಿಂದ ನೋಡುತ್ತ ದಾರಿ ಹೇಳುವ ನಿಮಿಷಗಳು ಈ ಬಗೆಯ ಅತ್ಯುತ್ತಮ ನಿಮಿಷಗಳು.

ಬ್ಯಾಂಕ್ ದರೋಡೆಯ ಕಥೆಯುಳ್ಳ ಪೇಡೇ 2 (2013) ಇದನ್ನು ಇನ್ನಷ್ಟು ಹೆಣೆಯಿತು. ಬಿದ್ದವನನ್ನು ಹೊತ್ತಿಗೆ ಸರಿಯಾಗಿ ಎತ್ತದಿದ್ದರೆ ಪೊಲೀಸರು ಹಿಡಿಯುತ್ತಾರೆ. ಬಿಡಿಸಿಕೊಳ್ಳಲು ಒಬ್ಬ ಒತ್ತೆಯಾಳನ್ನು ಒಪ್ಪಿಸಬೇಕು. ಹಾಗಾಗಿ ಅರ್ಧ ಗಂಟೆ ಹಿಂದೆ ನಾಗರಿಕರನ್ನು ಕೊಲ್ಲದೆ ಕಾಪಾಡಿಕೊಂಡದ್ದು ಈಗ ಗೆಳೆಯನ ಬಿಡುಗಡೆಗೆ ಒದಗುತ್ತದೆ. ಪೇಡೇ ಸರಣಿಯ ಒಡೆತನ ಹೊಂದಿದ ಸ್ವೀಡನ್ನಿನ ಸ್ಟಾರ್‌ಬ್ರೀಝ್ ಕಂಪನಿಗೂ ಕರ್ನಾಟಕಕ್ಕೂ ಒಂದು ನಂಟಿತ್ತು. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್, ಭಾರತದ ಮೊದಲ ಗೇಮ್ ತಯಾರಿಕಾ ಸಂಸ್ಥೆಗಳಲ್ಲಿ ಒಂದು. ವಿದೇಶಿ ಆಟಗಳಿಗೆ ಚಿತ್ರಕಲೆ ಒದಗಿಸಿ ಹೆಸರಾದದ್ದು. ಅದರ ಬಹುಪಾಲು ಷೇರುಗಳನ್ನು ಕೊಳ್ಳುವುದಾಗಿ ಸ್ಟಾರ್‌ಬ್ರೀಝ್ 2016ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. 2019ರಲ್ಲಿ ಧ್ರುವ ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು. ವಿದೇಶಿ ಆಟಗಳ ಗೋಡೆ, ವಾಹನ, ಬೀದಿಗಳಲ್ಲಿ ಬೆಂಗಳೂರಿನ ಕಲಾವಿದರ ಕೈಕೆಲಸ ಇದೆ ಎಂಬುದು ಇಲ್ಲಿನ ಆಟಗಾರರಿಗೆ ತಿಳಿದಿರಬೇಕಾದ ವಿಷಯ.

ಡೆನ್ಮಾರ್ಕಿನ ಘೋಸ್ಟ್ ಶಿಪ್ ಗೇಮ್ಸ್ 2020ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆ ಮಾಡಿದ ಡೀಪ್ ರಾಕ್ ಗ್ಯಾಲಾಕ್ಟಿಕ್ ಈ ಪರಂಪರೆಯ ಅತ್ಯಂತ ಸಹೃದಯ ಆಟ. ನಾಲ್ವರು ಕುಳ್ಳ ಗಣಿಗಾರರು ಕತ್ತಲ ಗುಹೆಗಿಳಿದು ಖನಿಜ ತೆಗೆಯುತ್ತಾರೆ. ಸ್ಕೌಟ್ ಕೊಕ್ಕೆ ಎಸೆದು ಎತ್ತರಕ್ಕೆ ಹಾರಬಲ್ಲ, ಬೆಳಕು ಚೆಲ್ಲಬಲ್ಲ; ಆದರೆ ಅಲ್ಲಿ ನಿಲ್ಲಲು ನೆಲೆಯಿಲ್ಲ. ಎಂಜಿನಿಯರ್ ಗೋಡೆಗೆ ಹಲಗೆಯಂಥ ನೆಲೆ ಅಂಟಿಸಬಲ್ಲ. ಆದರೆ ಅಷ್ಟೆತ್ತರಕ್ಕೆ ತಾನೇ ಹಾರಲಾರ. ಡ್ರಿಲ್ಲರ್ ಕಲ್ಲು ಕೊರೆದು ದಾರಿ ಮಾಡುತ್ತಾನೆ, ಗನ್ನರ್ ಕಂದರದ ಮೇಲೆ ಹಗ್ಗ ಕಟ್ಟುತ್ತಾನೆ. ಒಬ್ಬನ ಕೊರತೆ ಇನ್ನೊಬ್ಬನಿಗೆ ಕೆಲಸವಾಗುತ್ತದೆ. ಅಗೆದ ಖನಿಜವೆಲ್ಲ ತಂಡದ ಒಂದೇ ಲೆಕ್ಕಕ್ಕೆ ಸೇರುವುದರಿಂದ ಕಸಿದುಕೊಳ್ಳುವ ಮಾತೇ ಇಲ್ಲ. ಮದ್ದುಗುಂಡು ತರಿಸಲು ನೈಟ್ರಾ ಎಂಬ ಖನಿಜ 80 ಬೇಕು. ಬಂದ ಪೆಟ್ಟಿಗೆಯಲ್ಲಿ ಸರಿಯಾಗಿ ನಾಲ್ಕು ಪಾಲು. ಎರಡು ಪಾಲು ಎತ್ತಿಕೊಳ್ಳುವುದನ್ನು ಆಟ ತಡೆಯುವುದಿಲ್ಲ, ಆಡುವವರ ಮರ್ಯಾದೆ ತಡೆಯುತ್ತದೆ. ಕೊನೆಗೆ ಮರಳಿ ಕರೆದೊಯ್ಯಲು ಬಂದು ನಿಗದಿತ ಹೊತ್ತಿಗೆ ಹೊರಡುವ ನೌಕೆಯನ್ನು ಒಬ್ಬನು ತಲುಪಿದರೂ ಗೆಲುವು ಗೆಲುವೇ. ಆದರೂ ಬಿದ್ದವನನ್ನು ಎತ್ತಲು ಗಡಿಯಾರ ಓಡುತ್ತಿರುವಾಗಲೇ ಹಿಂದಕ್ಕೆ ಓಡುವ ಆಟಗಾರರು ಇಲ್ಲಿ ಸಾಮಾನ್ಯ. ನಿಯಮ ಕೇಳದೆ ಇದ್ದದ್ದನ್ನು ಆಟಗಾರರೇ ಕೊಡುವ ಹಂತಕ್ಕೆ ಪ್ರಕಾರ ಬಂದು ನಿಂತಿತು.

ಕೋ-ಆಪ್ ಕಂಡುಕೊಂಡದ್ದು ಪೈಪೋಟಿಯ ಆಟಗಳಿಗೂ ಹರಿಯಿತು. ಚಿಕ್ಕಬಳ್ಳಾಪುರ, ಚಿಂತಾಮಣಿಯಂಥ ಊರುಗಳ ಬಹುಮಂದಿಗೆ ಇದರ ಪರಿಚಯ ಆಗಿರುವುದು ಮೊಬೈಲ್ ಮೂಲಕ: 2018ರಲ್ಲಿ ಬಂದು 2020ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ನಿಷೇಧಕ್ಕೊಳಗಾದ ಪಬ್‌ಜಿ ಮೊಬೈಲ್, 2021ರ ಜುಲೈನಲ್ಲಿ ಅದರ ಜಾಗಕ್ಕೆ ಬಂದ ಬಿಜಿಎಂಐ. ಇವು ಬಹುಪಾಲು ಪಾತ್ರದ ಬೆನ್ನ ಹಿಂದಿನಿಂದ ನೋಡಿ ಆಡುವ ಆಟಗಳು. ಕಣ್ಣಿನಿಂದ ನೋಡುವ ಬಗೆಯೂ ಒಳಗೇ ಇದೆ. ನಾಲ್ವರ ಸ್ಕ್ವಾಡ್‌ನಲ್ಲಿ ಒಬ್ಬ ನಾಕ್ ಆದಾಗ, ಅಂದರೆ ನೆಲಕ್ಕೆ ಬಿದ್ದಾಗ, "ರಿವೈವ್ ಕೊಡೋ" ಎಂದು ಕೇಳಿಬರುವ ಕೂಗು ಲೆಫ್ಟ್ 4 ಡೆಡ್‌ನ ನೆಲದಿಂದ ಎದ್ದ ಅದೇ ಕೂಗು. 2019ರ ಏಪೆಕ್ಸ್ ಲೆಜೆಂಡ್ಸ್ ಮಾತಿಲ್ಲದೆ ಗುರುತು ಹಾಕಿ ತೋರಿಸುವ ಪಿಂಗ್ ಪದ್ಧತಿಯನ್ನು ಪರಿಷ್ಕರಿಸಿತು. ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುವ, ಆಂಧ್ರದ ಹಿಂದೂಪುರ ಪಕ್ಕದಲ್ಲೇ ಇರುವ ಗೌರಿಬಿದನೂರಿನ ಕಡೆಯವರಿಗೆ, ಹೊರಗಿನ ಅಪರಿಚಿತರೊಡನೆ ಆಡುವಾಗ ಈ ಗುರುತು ತುಂಬ ನೆರವಾಗುತ್ತದೆ.

ಸಣ್ಣ ಊರಿನ ಆಟಗಾರರಿಗೆ ಕೋ-ಆಪ್ ಒಗ್ಗುವುದಕ್ಕೆ ತಾಂತ್ರಿಕ ಕಾರಣವೂ ಇದೆ. ಪೈಪೋಟಿಯ ಆಟದಲ್ಲಿ ಲ್ಯಾಗ್ ಆದರೆ, ಅಂದರೆ ಸಂಪರ್ಕ ತಡವಾದರೆ, ಎದುರಿನ ಮನುಷ್ಯ ಮೊದಲು ಹೊಡೆಯುತ್ತಾನೆ. ಕೋ-ಆಪ್‌ನಲ್ಲಿ ಎದುರಿರುವುದು ಕಂಪ್ಯೂಟರ್ ನಡೆಸುವ ಶತ್ರು, ಸಣ್ಣ ತಡವನ್ನು ಆಟ ಸಹಿಸಿಕೊಳ್ಳುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಒಬ್ಬೊಬ್ಬರು ಕುಳಿತು ನಾಲ್ವರ ತಂಡ ಕಟ್ಟುವುದಾದರೆ, ಡೀಪ್ ರಾಕ್‌ನಂಥ ಆಟಗಳಲ್ಲಿ ಒಬ್ಬರ ಯಂತ್ರವೇ ಹೋಸ್ಟ್ ಆಗಿ ಎಲ್ಲರ ಆಟವನ್ನು ನಡೆಸುತ್ತದೆ. ಅವರ ಸಂಪರ್ಕ ಕುಂಟಿದರೆ ಉಳಿದ ಮೂವರೂ ಕುಂಟುತ್ತಾರೆ. ಮೊಬೈಲ್ ಹಾಟ್‌ಸ್ಪಾಟ್ ಇರುವವರನ್ನು ಬಿಟ್ಟು ಫೈಬರ್ ಇರುವವರು ಹೋಸ್ಟ್ ಆಗಬೇಕು. ಡೌನ್‌ಲೋಡ್‌ಗಿಂತ ಅಪ್‌ಲೋಡ್ ವೇಗವನ್ನು ಮೊದಲು ನೋಡಬೇಕು. ಎಲ್ಲರೂ ಒಂದೇ ಮನೆಯಲ್ಲಿ ಸೇರಿದರೆ ಲ್ಯಾನ್‌ನಷ್ಟು ನೆಮ್ಮದಿ ಬೇರೊಂದಿಲ್ಲ.

ಆರಂಭಿಸುವವರು ಇತ್ತೀಚಿನ, ಭಾರೀ ಯಂತ್ರ ಬೇಡುವ ಆಟದ ಹಿಂದೆ ಬೀಳುವ ಅಗತ್ಯವಿಲ್ಲ. 2009ರ ಲೆಫ್ಟ್ 4 ಡೆಡ್ 2 ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ, ಇಂದಿಗೂ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಮೊದಲ ಕೆಲವು ಸಲ ಸುಲಭದ ಮಟ್ಟದಲ್ಲಿ, ಪರಿಚಿತರೊಡನೆ ಆಡಬೇಕು. ಕೊಂದವರ ಲೆಕ್ಕ ಬಿಟ್ಟು, ಆಟದ ಕೊನೆಯಲ್ಲಿ ಯಾರು ಯಾರನ್ನು ಎಷ್ಟು ಸಲ ಎತ್ತಿದರು ಎಂದು ನೋಡಬೇಕು. ಆಮೇಲೆ ಡೀಪ್ ರಾಕ್‌ಗೆ ಹೋದರೆ ಅದರ ಸೌಜನ್ಯ ಅರ್ಥವಾಗುತ್ತದೆ. ಲೆಫ್ಟ್ 4 ಡೆಡ್ ಸರಣಿಗೆ ಅಮೆರಿಕದ ದರ್ಜೆ ಮಂಡಳಿ ಕೊಟ್ಟಿರುವುದು 17 ವರ್ಷ ಮೇಲ್ಪಟ್ಟವರ ದರ್ಜೆ. ಮನೆಯಲ್ಲಿ ಚಿಕ್ಕವರಿದ್ದರೆ 2011ರ ಪೋರ್ಟಲ್ 2 ಇದೆ: ಗುಂಡಿನ ಬದಲು ಗೋಡೆಯಲ್ಲಿ ಬಾಗಿಲು ತೆರೆಯುವ ಯಂತ್ರ, ಇಬ್ಬರು ರೋಬೋಟ್‌ಗಳು, ಒಬ್ಬರಿಂದ ಬಿಡಿಸಲಾಗದ ಒಗಟುಗಳು. ಹತ್ತು ವರ್ಷ ದಾಟಿದ ಮಕ್ಕಳು ಅದನ್ನು ಆಡಬಹುದು. ದೊಡ್ಡವರು ಪಕ್ಕದಲ್ಲಿ ಕುಳಿತು ಎರಡನೆಯ ರೋಬೋಟ್ ಆಗಲಿ.