ಕೈ ಹೋಗದ ಪಾತ್ರೆ

ಸೀಗಿ ಹುಣ್ಣಿಮೆ ದಾಟಿತೆಂದರೆ ನಮ್ಮ ಕಡೆ ಬೆಳಗಿನ ನೀರಿಗೆ ಚಳಿ ಹತ್ತುತ್ತದೆ. ಬ್ಯಾಸಗಿ ಪೂರ್ತಿ ಮರೆತಿದ್ದ ಗೀಸರಿನ ಸ್ವಿಚ್ಚು ಆಗ ನೆನಪಾಗುತ್ತದೆ, ಅದರ ಬೆನ್ನಿಗೇ ದೂರುಗಳು. ದೀಪ ಹತ್ತುತ್ತದೆ, ನೀರು ಕಾಯುವುದಿಲ್ಲ. ನೀರು ಕಾಯುತ್ತದೆ, ನಲ್ಲಿಯಲ್ಲಿ ದಾರದೆಳೆಯಷ್ಟೇ ಬರುತ್ತದೆ. ಕಟ್ಟಿಗೆ ಒಲೆಯ ಹೊಗೆ ಕೊಳವೆಗಳ ಬಗ್ಗೆ ಈ ವಾರ ಬರೆಯುವುದೆಂದು ಮಾತು ಕೊಟ್ಟಿದ್ದೆ. ಅದು ಕಾಯಲಿ. ನೀರು ತುಂಬುವ ಹಬ್ಬ ಕಾಯುವುದಿಲ್ಲ.

ಗಡಸು ನೀರಿನ ರಸಾಯನವನ್ನು ಮತ್ತೆ ಪಾಠ ಹೇಳುವುದಿಲ್ಲ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾದಾಗ ಸುಣ್ಣವಾಗಿ ಕೂರುತ್ತದೆ ಎಂಬುದು ಈ ಅಂಕಣದ ಕಾಯಂ ಓದುಗರಿಗೆ ಗೊತ್ತು. ಗೊತ್ತಿಲ್ಲದವರು ತಮ್ಮ ಚಹಾದ ಪಾತ್ರೆಯ ತಳವನ್ನು ಉಗುರಿನಿಂದ ಕೆರೆದು ನೋಡಬಹುದು. ನಮ್ಮ ಊರುಗಳ ಕತೆ ಸ್ವಲ್ಪ ಬೇರೆ. ಮುಧೋಳ, ಲೋಕಾಪುರ, ಬೀಳಗಿಯ ಸುತ್ತಲಿನ ನೆಲದಡಿಯಲ್ಲಿ ಕಲಾದಗಿ ಶ್ರೇಣಿಯ ಸುಣ್ಣಕಲ್ಲು, ಡಾಲಮೈಟು ಇವೆ. ಮುದ್ದಾಪುರದಲ್ಲಿ ಸಿಮೆಂಟ್ ಕಾರ್ಖಾನೆ ನಿಂತದ್ದು ಇದೇ ಕಲ್ಲಿನ ಆಸೆಗೆ. ಸಿಮೆಂಟಾಗುವ ಕಲ್ಲಿನ ಸಂದಿಯಿಂದಲೇ ನಾವು ಬೋರಿನ ನೀರು ಎತ್ತಿ ಗೀಸರಿಗೆ ಬಿಡುತ್ತೇವೆ. ಹೊಳಿ ನೀರು ಬರುವ ದಿನ ಬ್ಯಾಳಿ ಲಗೂ ಬೇಯುತ್ತದೆ, ಬೋರಿನ ನೀರಾದರೆ ಕುಕ್ಕರಿಗೂ ಜಗ್ಗುವುದಿಲ್ಲ ಎಂದು ನಮ್ಮ ಅಡುಗೆಮನೆಗಳು ಹೇಳುತ್ತ ಬಂದಿವೆ. ಪ್ರಯೋಗಾಲಯದ ವರದಿಗಿಂತ ನನಗೆ ಆ ಮಾತಿನ ಮೇಲೆ ನಂಬಿಕೆ ಹೆಚ್ಚು. ರಬಕವಿ-ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವವರನ್ನು ಕೇಳಿ, ಯಾವ ನೀರಿನಲ್ಲಿ ಬಣ್ಣ ಸಮನಾಗಿ ಹಿಡಿಯುತ್ತದೆ, ಯಾವುದರಲ್ಲಿ ಕಲೆ ಬೀಳುತ್ತದೆ ಎಂದು ಅವರೂ ಬಾಯಿಪಾಠ ಒಪ್ಪಿಸುತ್ತಾರೆ.

ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ನಡುವಿನ 400 ಎಂದೇ ಹಿಡಿಯಿರಿ. ದಿನಕ್ಕೆ ನೂರು ಲೀಟರ್ ಕಾಯಿಸುವ ಮನೆಯ ಗೀಸರಿನ ಮೂಲಕ ವರ್ಷಕ್ಕೆ ಹದಿನಾಲ್ಕೂವರೆ ಕಿಲೋ ಸುಣ್ಣದಷ್ಟು ಸರಕು ಹಾಯ್ದುಹೋಗುತ್ತದೆ. ಹತ್ತರಲ್ಲಿ ಒಂದು ಪಾಲು ಅಲ್ಲೇ ಉಳಿದರೂ ಒಂದೂವರೆ ಕಿಲೋ. ಅದನ್ನು ಗೋಡೆಗೆ ತೂಗುಹಾಕಿ ಮೂರು ವರ್ಷ ಒಳಗೆ ಇಣುಕದೆ ಕೂರುತ್ತೇವೆ.

ಕೆಟ್ಟ ಗೀಸರು ಮೊದಲು ಕಿವಿಗೆ ಸಿಗುತ್ತದೆ. ಸ್ವಿಚ್ಚು ಹಾಕಿದ ಸ್ವಲ್ಪ ಹೊತ್ತಿಗೆ ಒಳಗೆ ಪಂಚಮಿಯ ಜೋಳದ ಅಳ್ಳು ಹುರಿದ ಹಾಗೆ ಚಟಪಟ ಕೇಳಿದರೆ ಕಾಯಿಲಿನ ಮೇಲೆ ಚಕ್ಕೆ ಕಟ್ಟಿದೆ ಎಂದೇ ಅರ್ಥ. ಚಕ್ಕೆಯ ಅಡಿಗೆ ಸಿಕ್ಕ ಹನಿ ನೀರು ಅಲ್ಲೇ ಆವಿಯಾಗಿ ಸಿಡಿಯುವ ಸದ್ದು ಅದು. ಆಮೇಲೆ ಗಡಿಯಾರ ನೋಡಿ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ತರಲು 2000 ವಾಟಿನ ಕಾಯಿಲಿಗೆ 21 ನಿಮಿಷ ಸಾಕು. ದೀಪ ಎಂಟು-ಹತ್ತು ನಿಮಿಷಕ್ಕೇ ಆರಿ ನೀರು ಉಗುರುಬೆಚ್ಚಗಿದ್ದರೆ, ಕಾಯಿಲು ಮತ್ತು ಥರ್ಮೋಸ್ಟಾಟಿನ ಕಡ್ಡಿ ಎರಡನ್ನೂ ಒಂದೇ ಸುಣ್ಣದ ಗಡ್ಡೆ ತಬ್ಬಿಕೊಂಡಿರುತ್ತದೆ. ಗಡ್ಡೆ ಕಾದದ್ದನ್ನು ನೀರು ಕಾಯಿತೆಂದು ನಂಬಿ ಥರ್ಮೋಸ್ಟಾಟು ಮೋಸಹೋಗುತ್ತದೆ. ದೀಪ ಮುಕ್ಕಾಲು ತಾಸಾದರೂ ಆರದಿದ್ದರೆ ಮೊದಲು ವೋಲ್ಟೇಜು ನೋಡಿಸಿ. ಕಬ್ಬಿನ ಹೊಲಗಳ ಪಂಪ್‌ಸೆಟ್ಟುಗಳು ಒಟ್ಟಿಗೇ ಎದ್ದ ಹೊತ್ತಿನಲ್ಲಿ ವೋಲ್ಟೇಜು 230ರಿಂದ 180ಕ್ಕೆ ಇಳಿದರೆ ಅದೇ ಕಾಯಿಲು ಕೊಡುವ ಶಾಖ ನೂರಕ್ಕೆ ಅರುವತ್ತೊಂದು ಮಾತ್ರ. ಅದಕ್ಕೆ ಸುಣ್ಣವನ್ನು ಬೈದು ಫಾಯ್ದೆ ಇಲ್ಲ. ಸ್ವಿಚ್ಚು ಹಾಕಿದೊಡನೆ ಟ್ರಿಪ್ ಆಗುತ್ತಿದ್ದರೆ, ನೀರಿಗೆ ಕೈಯೊಡ್ಡಿದಾಗ ಜುಮ್ಮೆಂದರೆ, ಕಾಯಿಲಿನ ಕವಚ ಒಡೆದಿದೆ. ಆ ಗೀಸರನ್ನು ಮತ್ತೊಮ್ಮೆ ಹಾಕಿ ನೋಡಬೇಡಿ.

ಮಿಸ್ತ್ರಿಗಳು ಹೊಸ್ತಿಲಲ್ಲಿ ನಿಂತೇ ತೀರ್ಪು ಕೊಡುತ್ತಾರೆ: “ಅಣ್ಣಾರ, ಕಾಯಿಲ್ ಹೋಗೇತ್ರಿ, ಹೊಸಾದ ಹಾಕೂಣ್ರಿ.” ಬಿಚ್ಚಿ ತೋರಿಸಪ್ಪ ಎಂದರೆ ಮುಖ ಸಣ್ಣದಾಗುತ್ತದೆ. ಕಾಯಿಲು ಯಾಕೆ ಹೋಯಿತು ಎಂಬುದನ್ನು ಕೇಳುವವರೇ ಇಲ್ಲ.

ಅದಕ್ಕೆ ಉತ್ತರ ಮುಧೋಳದ ಕವಿಯಲ್ಲಿದೆ. ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನ, ಗದಾಯುದ್ಧದಲ್ಲಿ ದುರ್ಯೋಧನನನ್ನು ವೈಶಂಪಾಯನ ಸರೋವರದ ತಳಕ್ಕೆ ಕಳಿಸುತ್ತಾನೆ. ಮೇಲೆ ತಣ್ಣನೆಯ ನೀರು, ಬಾಯಲ್ಲಿ ಜಲಮಂತ್ರ. ಒಂದು ದಿನ ತಡೆದುಕೊಂಡರೆ ಬದುಕಬಹುದು. ದಂಡೆಯ ಮೇಲೆ ನಿಂತು ಭೀಮ ಗರ್ಜಿಸುತ್ತಾನೆ. ಸುತ್ತ ಅಷ್ಟು ನೀರಿದ್ದೂ ಆ ಮಾನಿಯ ಮೈಗೆ ಬೆವರು ಕಿತ್ತುಬರುತ್ತದೆ. ಕೋಪದ ಈ ಚಿತ್ರವನ್ನು ಹೊಗಳದ ಕನ್ನಡ ಮೇಷ್ಟ್ರಿಲ್ಲ. ಅದನ್ನು ಓದುವಾಗಲೆಲ್ಲ ನನಗೆ ಸುಣ್ಣ ಹತ್ತಿದ ಕಾಯಿಲು ಕಣ್ಣಮುಂದೆ ಬರುತ್ತದೆ. ಸುತ್ತ ನೀರೇ ನೀರು, ಆದರೂ ಮೈಗೆ ತಂಪು ತಾಗುವುದಿಲ್ಲ. ನಡುವೆ ಒಂದು ಪದರ. ಒಳಗಿನ ಬೆಂಕಿ ಹೊರಗೆ ಹೋಗಲಾರದೆ ತನ್ನನ್ನೇ ಸುಡುತ್ತದೆ.

ಇಲ್ಲಿ ಜಾಹೀರಾತಿನವರ ಒಂದು ಸುಳ್ಳನ್ನೂ ತೊಳೆದುಬಿಡಬೇಕು. ಸುಣ್ಣ ಹತ್ತಿದರೆ ಕರೆಂಟ್ ಬಿಲ್ಲು ದುಪ್ಪಟ್ಟು ಎನ್ನುತ್ತಾರೆ. ನೀರೊಳಗೇ ಮುಳುಗಿರುವ ಕಾಯಿಲಿನ ಶಾಖಕ್ಕೆ ನೀರು ಬಿಟ್ಟರೆ ಬೇರೆ ಗತಿಯಿಲ್ಲ. ತಡವಾಗಿಯಾದರೂ ಅದೆಲ್ಲ ನೀರಿಗೇ ಸೇರಬೇಕು. ಬಿಲ್ಲು ಅಷ್ಟೇನೂ ಏರುವುದಿಲ್ಲ, ಕಾಯಿಲು ಸಾಯುತ್ತದೆ. ತಾಮ್ರದ ಬಂಬದಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಅಲ್ಲಿ ಬೆಂಕಿ ನಡುಗೊಳವೆಯಲ್ಲಿ, ನೀರು ಅದರ ಸುತ್ತ. ಸುಣ್ಣದ ಪದರ ತಾಮ್ರಕ್ಕಿಂತ ನೂರಾರು ಪಟ್ಟು ಕಡಿಮೆ ಶಾಖ ದಾಟಿಸುತ್ತದೆ. ಆಗ ಹತ್ತಿಕಟ್ಟಿಗೆ, ರವದಿ, ಕುಳ್ಳು ಎಷ್ಟೇ ತುರುಕಿದರೂ ಶಾಖ ಕೊಳವೆಯಲ್ಲಿ ಸೀದಾ ಆಕಾಶಕ್ಕೆ ಹೋಗುತ್ತದೆ.

ಅಯಸ್ಕಾಂತದ ಪಂಥದವರ ಹಳೇ ಬಾಕಿ ಒಂದಿದೆ. ಪೈಪಿಗೆ ಎರಡು ಅಯಸ್ಕಾಂತ ಕಟ್ಟಿ, ಇನ್ನು ಸುಣ್ಣ ಕಟ್ಟುವುದಿಲ್ಲ ಎಂದು ಪ್ರದರ್ಶನದ ಮಳಿಗೆಗಳಲ್ಲಿ ಮಾರುವವರು ಇವರು. ಗಡಸುತನ ಇಳಿಯಿತೇ ಎಂದು ಅಳೆದು ತೋರಿಸಿ ಅಂದರೆ, ಗಡಸುತನ ಇಳಿಯುವುದಿಲ್ಲ, ಹರಳಿನ ಆಕಾರ ಬದಲಾಗುತ್ತದೆ ಎನ್ನುತ್ತಾರೆ. ಆಕಾರ ತೋರಿಸಿ ಅಂದರೆ ಇನ್ನೊಬ್ಬ ಗಿರಾಕಿಯ ಕಡೆ ತಿರುಗುತ್ತಾರೆ. ಒಂದು ಪರೀಕ್ಷೆಯಲ್ಲಿ ಫಲ ಕಂಡರೆ ಇನ್ನೊಂದರಲ್ಲಿ ಕಾಣದ ವಿದ್ಯೆಗೆ ಸಾವಿರಾರು ರೂಪಾಯಿ ಕೊಡುವ ಬದಲು ಅದೇ ದುಡ್ಡಿಗೆ ಸುಣ್ಣ ಕರಗಿಸುವ ಲಿಂಬೂಸತ್ವ ಹತ್ತು ವರ್ಷಕ್ಕಾಗುವಷ್ಟು ಬರುತ್ತದೆ.

ರಾಳದ ಸಾಫ್ಟನರ್ ಕೆಲಸ ಮಾಡುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಅದಕ್ಕೆ ಆಗಾಗ ಉಪ್ಪು ಕುಡಿಸಬೇಕು, ಆ ಉಪ್ಪುನೀರು ಹಿತ್ತಲಿಗೆ ಹೋಗುತ್ತದೆ. ಕೃಷ್ಣಾ, ಘಟಪ್ರಭಾ ದಂಡೆಗಳಲ್ಲಿ ಎರೆಭೂಮಿ ಸವುಳಾಗಿ ಬಿಳಿಚಿಕೊಂಡದ್ದನ್ನು ನೋಡಿದ ಮೇಲೂ ಮನೆಯ ಅಷ್ಟೂ ನೀರಿಗೆ ಸಾಫ್ಟನರ್ ಹಾಕಿಸುವವರಿಗೆ ಏನು ಹೇಳಲಿ? ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ 1841ರಲ್ಲಿ ಪೇಟೆಂಟ್ ಪಡೆದ ಉಪಾಯ ನನಗೆ ಇವೆಲ್ಲಕ್ಕಿಂತ ಇಷ್ಟ: ಗಡಸು ನೀರಿಗೆ ಲೆಕ್ಕ ಹಾಕಿ ಇನ್ನಷ್ಟು ಸುಣ್ಣ ಸೇರಿಸುವುದು. ಸೇರಿಸಿದ್ದೂ ಮೊದಲೇ ಕರಗಿದ್ದೂ ಕೂಡಿ ತಳಕ್ಕಿಳಿಯುತ್ತವೆ. ಊರಿನ ನೀರಿನ ಟಾಕಿಗೆ ಹೊಂದುವ ವಿದ್ಯೆ ಅದು, ಬಚ್ಚಲಮನೆಗಲ್ಲ.

ಬಚ್ಚಲಮನೆಗೆ ಹೊಂದುವುದು ಹಂಡೆ. ಇದು ಹಳೆಯದರ ಮೋಹ ಎಂದು ಪ್ರತಿ ಸಲ ಪತ್ರ ಬರುತ್ತದೆ. ಹಂಡೆಯ ಗುಣ ತಾಮ್ರದ್ದಲ್ಲ, ಅದರ ಅಗಲ ಬಾಯಿಯದ್ದು. ತೋಳು ಪೂರ್ತಿ ಒಳಗೆ ಹೋಗುತ್ತದೆ. ನೀರು ತುಂಬುವ ಹಬ್ಬದ ದಿನ ನಮ್ಮ ಹೆಂಗಸರು ಹಂಡೆಯನ್ನು ಒಲೆಯಿಂದ ಇಳಿಸಿ, ಹುಣಸೆಹಣ್ಣು ಬೂದಿ ಹಾಕಿ ಒಳಗೂ ಹೊರಗೂ ತಿಕ್ಕಿ, ಹೊರಗೆ ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಹಿಂಡ್ಲಿಕಾಯಿ ಬಳ್ಳಿ ಸುತ್ತಿ ಹೊಸ ನೀರು ತುಂಬುತ್ತಿದ್ದರು. ಹುಣಸೆಯ ಹುಳಿ ಒಳಗಿನ ಸುಣ್ಣವನ್ನು ಬಿಡಿಸುತ್ತದೆ. ವರ್ಷಕ್ಕೊಮ್ಮೆ ತಪ್ಪದ ಸರ್ವೀಸು, ತಾರೀಖು ನೆನಪಿಸಲು ಪಂಚಾಂಗ. ಗೀಸರು ಬಂದ ಮನೆಗಳಲ್ಲಿ ಬಳ್ಳಿ ಉಳಿಯಿತು, ತಿಕ್ಕುವುದು ಹೋಯಿತು. ಗೀಸರಿನ ಪೈಪಿಗೆ ಹಿಂಡ್ಲಿಕಾಯಿ ಕಟ್ಟಿ ಕುಂಕುಮ ಹಚ್ಚಿದ್ದನ್ನು ಜಮಖಂಡಿಯಲ್ಲಿ ಕಂಡಿದ್ದೇನೆ. ಒಳಗೆ ಏನಿದೆಯೋ ದೇವರೇ ಬಲ್ಲ.

ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುವವರಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ. ಕಬ್ಬಿನ ಹಾಲಿಗೆ ಸುಣ್ಣ ಹಾಕಿಯೇ ತಿಳಿಗೊಳಿಸುವುದು. ಆ ಹಾಲು ಕುದಿಯುವ ಕಡಾಯಿಗಳ ಟ್ಯೂಬುಗಳಲ್ಲಿ ಚಕ್ಕೆ ಕಟ್ಟುತ್ತದೆ, ಹಂಗಾಮಿನ ನಡುವೆಯೇ ನಿಲ್ಲಿಸಿ ಕಾಸ್ಟಿಕ್ ಸೋಡಾ ಕುದಿಸಿ ಉಜ್ಜುತ್ತಾರೆ. ಸಮೀರವಾಡಿಯಲ್ಲಿ ಟ್ಯೂಬಿನ ಹೊಟ್ಟೆಯನ್ನು ಅಷ್ಟು ಕಾಳಜಿಯಿಂದ ಕಾಯುವ ಮನುಷ್ಯನ ಮನೆಯ ಗೀಸರು ಎಂದೂ ತೆರೆದಿರುವುದಿಲ್ಲ!

ಹಬ್ಬಕ್ಕೆ ಇನ್ನೂ ದಿನಗಳಿವೆ. ಮೇನ್ ಸ್ವಿಚ್ಚು ತೆಗೆಸಿ, ನೀರು ಇಳಿಸಿ, ಕೆಳಗಿನ ತಟ್ಟೆಯ ಬೋಲ್ಟು ಬಿಚ್ಚಿಸಿ. ಚಕ್ಕೆಯನ್ನು ಕಟ್ಟಿಗೆಯಿಂದ ಕೆರೆಯಿರಿ, ಉಳಿ ತಾಗಿಸಿದರೆ ಒಳಗಿನ ಗಾಜಿನ ಲೇಪ ಹಾರುತ್ತದೆ. ಕಾಯಿಲನ್ನು ಲಿಂಬೂಸತ್ವದ ಬಿಸಿನೀರಿನಲ್ಲಿ ನೆನೆಸಿ, ವಯರಿನ ತುದಿ ಮಾತ್ರ ಒದ್ದೆಯಾಗಬಾರದು. ಬುರುಬುರು ಉಕ್ಕಿದರೆ ಸುಣ್ಣ ಕರಗುತ್ತಿದೆ. ಉಕ್ಕದೆ ಕಲ್ಲಿನಂತೆ ಕೂತರೆ ಅದು ಸಲ್ಫೇಟಿನ ಚಕ್ಕೆ, ಹುಳಿಗೆ ಬಗ್ಗುವುದಿಲ್ಲ, ಆಗ ಕಾಯಿಲು ಬದಲಿಸಿ. ಸಂಡಾಸಿನ ಆಸಿಡ್ ಮಾತ್ರ ಬೇಡವೇ ಬೇಡ, ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ. ಟ್ಯಾಂಕಿಗಾಗಿ ತಾನು ಸವೆಯುವ ಮ್ಯಾಗ್ನೀಸಿಯಂ ಕಡ್ಡಿ ಕಿರುಬೆರಳಿಗಿಂತ ತೆಳ್ಳಗಾಗಿದ್ದರೆ ಹೊಸದು ತರಿಸಿ. ಥರ್ಮೋಸ್ಟಾಟನ್ನು 60ಕ್ಕೆ ನಿಲ್ಲಿಸಿ, ಅದರ ಮೇಲೆ ಹೋದಷ್ಟೂ ಸುಣ್ಣ ಬೇಗ ಕೂರುತ್ತದೆ. ತಟ್ಟೆ ಕೂರಿಸುವಾಗ ಹಳೇ ಗ್ಯಾಸ್ಕೆಟ್ಟನ್ನೇ ಮಗುಚಿ ಹಾಕಲು ಹೊರಟ ಮಿಸ್ತ್ರಿಯ ಕೈಯಿಂದ ಪಾನಾ ಕಸಿದುಕೊಂಡು, ಅಂಗಡಿ ಮುಚ್ಚುವುದರೊಳಗೆ ಅವನನ್ನು ಪೇಟೆಗೆ ಅಟ್ಟಿ.