ಕುಂದೂರಿನ ಏರಿಗೆ ಮೊದಲ ಜೀಪು

ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಕುಂದೂರಿನ ಆಸುಪಾಸಿನ ಕಾಫಿ ತೋಟದ ದಾರಿ ಹಿಡಿದರೆ ಒಂದು ಗುರುತು ಕಣ್ಣಿಗೆ ಬೀಳದೆ ಇರದು. ಏರಿನ ಅರ್ಧದವರೆಗೆ ಎರಡು ಆಳವಾದ ಚಕ್ರದ ಜಾಡು, ಜಾಡಿನ ಕೊನೆಗೆ ಕಲಕಿಹೋದ ಗುಂಡಿ, ಗುಂಡಿಯೊಳಗೆ ತುಳಿದು ಹೂತ ಸಿಲ್ವರ್ ಓಕ್ ಕೊಂಬೆಗಳು, ನಾಲ್ಕಾರು ಕಲ್ಲು, ಹರಿದ ಗೋಣಿಚೀಲ. ಹಿಂದಿನ ದಿನ ಅಲ್ಲೊಂದು ಗಾಡಿ ಹೂತಿತ್ತು, ಲೈನ್ ಮನೆಯ ಆಳುಗಳು ಬಂದು ನೂಕಿ ಎತ್ತಿದರು ಎಂಬ ಕಥೆಯನ್ನು ಆ ಗುಂಡಿಯೇ ಹೇಳುತ್ತದೆ. ಹೂತದ್ದು ಹೊಸ ಗಾಡಿಯಾಗಿದ್ದರೆ ಕಥೆಗೆ ಇನ್ನೊಂದು ಸಾಲು ಸೇರುತ್ತದೆ: ಅಷ್ಟು ದುಡ್ಡು ಕೊಟ್ಟು ತಂದದ್ದು, ಇಷ್ಟು ಏರು ಹತ್ತಲಿಲ್ಲ.

ಆಲೂರು, ಸಕಲೇಶಪುರದ ಗುಡ್ಡಗಳಲ್ಲಿ ಮೊದಲ ಸಲ ಜೀಪು ಕೊಳ್ಳುವವರು ಈಗ ಹಲವು ಬಗೆ. ಅಪ್ಪನ ತೋಟ ನೋಡಿಕೊಳ್ಳಲು ಊರಿಗೆ ಮರಳಿದವರು, ಹೋಂಸ್ಟೇ ತೆರೆದವರು, ಬೆಂಗಳೂರಿನಲ್ಲಿದ್ದು ವಾರಕ್ಕೊಮ್ಮೆ ಬರುವವರು. ಹೆಚ್ಚಿನವರು ಗಾಡಿಯನ್ನು ಅಳೆಯುವುದು ಅಶ್ವಶಕ್ತಿಯಲ್ಲಿ, ಟಯರಿನ ಅಗಲದಲ್ಲಿ, ಮುಂದೆ ಕೂರಿಸಿದ ಸ್ಕ್ರೀನಿನ ಗಾತ್ರದಲ್ಲಿ. ಮಲೆನಾಡಿನ ಕೆಸರು ಅಳೆಯುವ ಕ್ರಮ ಬೇರೆ. ಅದು ಮೊದಲು ಕೇಳುವುದು ಗಾಡಿಯ ತೂಕ, ಆಮೇಲೆ ಟಯರು, ಆಮೇಲೆ ಲೋ ಗೇರು. ಎಂಜಿನ್ನಿನ ಬಲದ ಸರದಿ ಬರುವುದು ಎಲ್ಲಕ್ಕೂ ಕೊನೆಗೆ.

ಗುಲ್ಮಾರ್ಗಿಗೆ ಹೋದವರು ಅಲ್ಲಿನ ಹಿಮವಾಹನ ನೋಡಿರುತ್ತಾರೆ: ಮುಂದೆ ಎರಡು ಹಲಗೆ, ಹಿಂದೆ ಚಕ್ರದ ಬದಲು ಉದ್ದನೆಯ ರಬ್ಬರ್ ಪಟ್ಟಿ. ಆಳವಾದ ಪುಡಿಹಿಮದ ಬೆಟ್ಟ ಹತ್ತುವವರಿಗೆ ಅನುಭವಿಗಳು ಹೇಳುವ ಮಾತು ಇದೇ. ಪಟ್ಟಿ ಉದ್ದವಿರಲಿ, ಗಾಡಿ ಹಗುರವಿರಲಿ, ಹೂತರೆ ಕೈಯಲ್ಲಿ ಎಳೆದು ತಿರುಗಿಸುವಂತಿರಲಿ. ಅಲ್ಲೂ ಹೊಸಬರು ಮೋಸಹೋಗುವುದು ಎಂಜಿನ್ನಿನ ಸಂಖ್ಯೆಗೇ. ಹಿಮಕ್ಕೂ ನಮ್ಮ ರಾಡಿಗೂ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ, ಏಕೆಂದರೆ ಹಿಮದ ಮೇಲೆ ತೇಲಬೇಕು. ಕುಂದೂರಿನ ಕೆಂಪು ಜೇಡಿಯಲ್ಲಿ ಎಷ್ಟೋ ಕಡೆ ಅದರ ತಿರುಗುಮುರುಗು ನಡೆಯುತ್ತದೆ.

ಇದು ತಿಳಿಯಲು ಹಳೆಯ ಜೀಪಿನ ಕಾಲು ನೋಡಬೇಕು. 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿಯ ಮೂಲಕ ನಮ್ಮ ದೇಶಕ್ಕೆ ಬಂದ ವಿಲ್ಲಿಸ್ ಜೀಪು, ಅದರ ಸಂತತಿ, ಆಮೇಲೆ ಬಂದ ಪ್ಯೂಜೋ ಡೀಸೆಲ್ ಎಂಜಿನ್ನಿನ ಎಂಎಂ 540, ಇವು ಮಲೆನಾಡಿನ ತೋಟಗಳಲ್ಲಿ ದಶಕಗಟ್ಟಲೆ ದುಡಿದವು. ಗೊಬ್ಬರ, ಬೋರ್ಡೋ ದ್ರಾವಣದ ಡ್ರಮ್ಮು, ಹೆರಿಗೆ ನೋವಿನ ಹೆಂಗಸು, ಶಾಲೆಯ ಮಕ್ಕಳು, ಎಲ್ಲವನ್ನೂ ಹೊತ್ತವು ಇವೇ. ವಿಲ್ಲಿಸ್ ಜೀಪಿನ ಟಯರಿನ ಅಳತೆ 6.00-16. ಈಗಿನ ಕಣ್ಣಿಗೆ ಸೈಕಲ್ ಟಯರಿನಂತೆ ತೋರುವಷ್ಟು ಸಪೂರ. ಆದರೆ ಆ ಸಪೂರ ಟಯರು ಮೇಲಿನ ಒಂದು ಗೇಣು ರಾಡಿಯನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತಿತ್ತು, ಅಲ್ಲಿ ಹಿಡಿತ ಸಿಗುತ್ತಿತ್ತು. ಅಗಲದ ಟಯರು ಅದೇ ರಾಡಿಯ ಮೇಲೆ ಜಾರುತ್ತದೆ, ಗಾಡಿ ಚರಂಡಿಯ ಕಡೆಗೆ ವಾಲುತ್ತದೆ. ಗದ್ದೆಯ ಕೆಸರಿನ ಮಾತು ಬೇರೆ. ಅದಕ್ಕೆ ತಳವೇ ಸಿಗುವುದಿಲ್ಲ. ಅದಕ್ಕೇ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಹಾಕಿ ಇಳಿಸುತ್ತಾರೆ. ಜೀಪನ್ನು ಅಲ್ಲಿಗೆ ಇಳಿಸುವ ಕೆಲಸ ಯಾರಿಗೂ ಇಲ್ಲ. ಹೀಗಿರುವಾಗ ಹೊಸ ಗಾಡಿ ಮನೆಗೆ ಬಂದ ತಿಂಗಳಿಗೇ ಅಗಲದ ಅಲಾಯ್ ಚಕ್ರ ಹಾಕಿಸುವುದು ದುಡ್ಡು ಕೊಟ್ಟು ಹಿಡಿತ ಕಳೆದುಕೊಂಡ ಹಾಗೆ.

ಈಗ ಕೊಳ್ಳಲು ಸಿಗುವ ಗಾಡಿಗಳ ಕಡೆ ಬರೋಣ.

2020ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂದ ಹೊಸ ತಲೆಮಾರಿನ ಮಹೀಂದ್ರ ಥಾರ್ ಈ ಗುಡ್ಡಗಳಲ್ಲಿ ಜೀಪಿನ ಜಾಗವನ್ನು ಮರಳಿ ಗಳಿಸಿದೆ. ನೆಲದಿಂದ 226 ಮಿಲಿಮೀಟರ್ ಎತ್ತರ, 650 ಮಿಲಿಮೀಟರ್ ನೀರು ದಾಟುವ ಸಾಮರ್ಥ್ಯ, 2.2 ಲೀಟರ್ ಡೀಸೆಲ್ ಎಂಜಿನ್ನಿಗೆ 300 ನ್ಯೂಟನ್ ಮೀಟರ್ ಎಳೆತ. ಹೊರೆ ಹೇರಿ ಏರು ಹತ್ತುವವರಿಗೆ ಈ ಎಳೆತ ನಿಜವಾದ ಆಸ್ತಿ. ಆದರೆ ಥಾರ್ ಎಂಬ ಹೆಸರಿನ ಗಾಡಿಗಳೆಲ್ಲ ಒಂದೇ ಅಲ್ಲ. 2023ರ ಜನವರಿಯಲ್ಲಿ ಬಂದ ಅಗ್ಗದ ಮಾದರಿಗೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ. ಹೊರಗಿನಿಂದ ನೋಡಿದರೆ ಅದೇ ಗತ್ತು, ಅದೇ ಮುಖ. ಮಳೆಗಾಲದ ತೋಟದ ಏರಿಗೆ ಅದು ತಕ್ಕದ್ದಲ್ಲ. ಲಕ್ಷಗಟ್ಟಲೆ ಉಳಿಯಿತೆಂದು ಅದನ್ನು ತಂದವರು ಜೂನ್ ಎರಡನೇ ವಾರದಲ್ಲಿ ಪಶ್ಚಾತ್ತಾಪ ಪಡುತ್ತಾರೆ.

ನಾಲ್ಕು ಚಕ್ರಕ್ಕೂ ಬಲವಿರುವ ಗಾಡಿಯೂ ಹೂಳುತ್ತದೆ. ಹೇಗೆಂದು ಹತ್ತಿರದಿಂದ ನೋಡಿ. ಏರಿನ ತಿರುವಿನಲ್ಲಿ ನೀರು ಕೊರೆದ ತಗ್ಗು. ಎಡಗಡೆಯ ಮುಂದಿನ ಚಕ್ರ ತಗ್ಗಿಗೆ ಇಳಿಯಿತು, ಬಲಗಡೆಯ ಹಿಂದಿನ ಚಕ್ರ ನೆಲ ಬಿಟ್ಟು ಹಗುರವಾಯಿತು. ಆಕ್ಸಿಲರೇಟರ್ ತುಳಿದ ಕೂಡಲೇ ಆ ಎರಡು ಚಕ್ರ ಮಾತ್ರ ಗರಗರ ತಿರುಗುತ್ತವೆ, ಗಟ್ಟಿ ನೆಲದ ಮೇಲಿರುವ ಇನ್ನೆರಡು ಕದಲುವುದಿಲ್ಲ. ಎರಡು ಬದಿಯ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿನ ಸ್ವಭಾವವೇ ಅದು, ಸುಲಭವಾಗಿ ತಿರುಗುವ ಚಕ್ರದ ಕಡೆಗೆ ಬಲ ಸೋರಿಹೋಗುತ್ತದೆ. ಹೊಸಬರು ಇನ್ನೂ ಜೋರಾಗಿ ತುಳಿಯುತ್ತಾರೆ. ಕೆಸರು ಹಾರುತ್ತದೆ, ಕ್ಲಚ್ ಸುಟ್ಟ ವಾಸನೆ ಬರುತ್ತದೆ, ಆಕ್ಸಲ್ಲಿನ ಹೌಸಿಂಗ್ ನೆಲಕ್ಕೆ ಕೂರುತ್ತದೆ. ಇದಕ್ಕೆ ಮದ್ದು, ಎರಡೂ ಬದಿಯ ಚಕ್ರವನ್ನು ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್. ಥಾರ್‌ನ ಕೆಲವು ಮಾದರಿಗಳಲ್ಲಷ್ಟೇ ಹಿಂದಿನ ಆಕ್ಸಲ್ಲಿಗೆ ತಾನಾಗಿ ಬಿಗಿಯುವ ಲಾಕ್ ಇದೆ, ಕೊಳ್ಳುವ ಮುಂಚೆ ಕೇಳಿ ಖಚಿತಪಡಿಸಿಕೊಳ್ಳಲೇಬೇಕಾದ ಸಂಗತಿ ಇದು. ಫೋರ್ಸ್ ಗೂರ್ಖಾದಲ್ಲಿ ಹಿಂದೆ ಮುಂದೆ ಎರಡೂ ಕಡೆ ಲಾಕ್ ಉಂಟು. ಬರೀ ಲಾಕಿನ ಲೆಕ್ಕದಲ್ಲಿ ಗೂರ್ಖಾಕ್ಕೇ ಮೊದಲ ಅಂಕ. ಆದರೆ ಅದು ಭಾರದ ಗಾಡಿ, ಸರ್ವಿಸ್ ಸೆಂಟರುಗಳೂ ಮಾರುತಿ, ಮಹೀಂದ್ರಗಳಷ್ಟು ಹರಡಿಲ್ಲ. ಮೊದಲ ಗಾಡಿಯಾಗಿ ಕೊಳ್ಳುವವರಿಗೆ ಈ ಎರಡನೆಯ ಮಾತು ಸಣ್ಣದೇನಲ್ಲ.

ಮಾರುತಿ ಜಿಮ್ನಿಯನ್ನು ಆಟಿಕೆ ಎಂದು ಕರೆದವರುಂಟು. 2023ರ ಜೂನ್‌ನಲ್ಲಿ ಬಂದ ಈ ಐದು ಬಾಗಿಲಿನ ಗಾಡಿಯ ತೂಕ ಸುಮಾರು 1,200 ಕೆ.ಜಿ. ಥಾರ್ ಇದಕ್ಕಿಂತ ಹೆಚ್ಚುಕಡಿಮೆ ಐದು ಕ್ವಿಂಟಲ್ ಭಾರ, ಅಂದರೆ ಹತ್ತು ಮೂಟೆ ಕಾಫಿ ಸದಾ ಹೊತ್ತುಕೊಂಡೇ ಓಡಾಡಿದಂತೆ. ಹಗುರ ಗಾಡಿ ಹೂಳುವುದು ತಡ, ಹೂತರೂ ಮೂವರು ನೂಕಿದರೆ ಹೊರಗೆ. ಅಗಲ 1,645 ಮಿಲಿಮೀಟರ್. ಹಳೆಯ ಜೀಪಿನ ಅಳತೆಗೆ ಕಡಿದ ತೋಟದ ದಾರಿಯಲ್ಲಿ, ಎರಡೂ ಕಡೆ ಕಾಫಿ ಗಿಡದ ರೆಕ್ಕೆಗಳು ಚಾಚಿರುವಲ್ಲಿ, ಈ ಅಳತೆಯ ಬೆಲೆ ಗೊತ್ತಾಗುತ್ತದೆ. ಥಾರ್ ಇನ್ನೊಂದು ಗೇಣಿನಷ್ಟು ಅಗಲ. ಜಿಮ್ನಿಯ ಕೊರತೆಯೂ ಸ್ಪಷ್ಟ. ಡೀಸೆಲ್ ಇಲ್ಲ, ಎಳೆತ 134 ನ್ಯೂಟನ್ ಮೀಟರ್ ಮಾತ್ರ, ನಾಲ್ಕು ಜನ ಮತ್ತು ಗೊಬ್ಬರದ ಚೀಲ ಹೇರಿದರೆ ಏರಿನಲ್ಲಿ ಏದುಸಿರು ಬಿಡುತ್ತದೆ. ಲಾಕ್ ಬದಲು ಸುಮ್ಮನೆ ತಿರುಗುವ ಚಕ್ರಕ್ಕೆ ಬ್ರೇಕ್ ಒತ್ತುವ ಏರ್ಪಾಡು ಇದೆ. ಕೆಲಸ ಮಾಡುತ್ತದೆ, ಆದರೆ ಒಂದೆರಡು ಕ್ಷಣ ತಾಳ್ಮೆಯಿಂದ ಆಕ್ಸಿಲರೇಟರ್ ಹಿಡಿದಿರಬೇಕು.

1985ರಲ್ಲಿ ಬಂದು ಮೂರು ದಶಕಕ್ಕೂ ಮೀರಿ ಬಾಳಿದ ಜಿಪ್ಸಿಯ ಅಭಿಮಾನಿಗಳು ಸಕಲೇಶಪುರದಲ್ಲಿ ಇನ್ನೂ ಇದ್ದಾರೆ. ಅವರ ಅಭಿಮಾನಕ್ಕೆ ಕಾರಣವೂ ಇದೆ, ಒಂದು ಟನ್ನಿಗೂ ಕಡಿಮೆ ತೂಕ. ಮುಂದಿನ ಚಕ್ರದ ಹಬ್ಬನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕಾದದ್ದರಿಂದ ಕೆಸರು ಬರುವ ಮೊದಲೇ ಇಳಿದು ಆ ಕೆಲಸ ಮುಗಿಸುವ ಅಭ್ಯಾಸ ಬೆಳೆಯುತ್ತದೆ. ಇಳಿದವನು ಮುಂದಿನ ದಾರಿಯನ್ನೂ ನೋಡುತ್ತಾನೆ, ಅದೇ ದೊಡ್ಡ ಪಾಠ. ಆದರೆ ಏರ್‌ಬ್ಯಾಗ್ ಇಲ್ಲದ ಈ ಗಾಡಿಯನ್ನು ಶಿರಾಡಿ ಘಾಟಿಯಲ್ಲಿ ಲಾರಿಗಳ ನಡುವೆ ಹೆಂಡತಿ ಮಕ್ಕಳೊಂದಿಗೆ ಓಡಿಸಿ ಎಂದು ಯಾರಿಗೂ ಹೇಳಲಾಗದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸಕಲೇಶಪುರದ ಕೆಎ 46 ನಂಬರಿನ ಗಾಡಿ ಕಂಡರೆ ಮೊದಲು ಅಡಿಗೆ ಮಲಗಿ ಚಾಸಿಯ ತುಕ್ಕು ನೋಡಬೇಕು. ಎಂಜಿನ್ ಬದಲಾಯಿಸಿದ ಹಳೆಯ ಜೀಪುಗಳು ಬಹಳ ಇವೆ. ಆರ್‌ಸಿ ಪುಸ್ತಕದ ಎಂಜಿನ್ ನಂಬರು ಗಾಡಿಯ ಮೇಲಿನ ನಂಬರಿಗೆ ತಾಳೆಯಾಗದಿದ್ದರೆ ವ್ಯಾಪಾರ ಅಲ್ಲಿಗೇ ಬಿಡುವುದು ಒಳ್ಳೆಯದು.

ಗಾಡಿ ಯಾವುದೇ ಆಗಲಿ, ಷೋರೂಮಿನಿಂದ ಬರುವ ಟಯರು ಡಾಂಬರಿಗೇ ಹೆಚ್ಚು ಒಗ್ಗಿದ್ದು. ಅದರ ಗೆರೆಗಳಲ್ಲಿ ಜೇಡಿ ತುಂಬಿ ಹತ್ತು ಮಾರು ಹೋಗುವುದರೊಳಗೆ ಟಯರು ನುಣ್ಣಗೆ ಬೋಳಾಗುತ್ತದೆ. ಮಡ್ ಟಯರಿನ ಗಟ್ಟಿಗಳ ನಡುವೆ ಜಾಗ ಹೆಚ್ಚು, ತಿರುಗುವಾಗ ಮಣ್ಣು ತಾನೇ ಉದುರುತ್ತದೆ. ಬೇಸಿಗೆಯಲ್ಲಿ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ, ನಿಜ. ಗಾಡಿಯ ಸಿಂಗಾರಕ್ಕೆ ಮೀಸಲಿಟ್ಟ ದುಡ್ಡು ಇದಕ್ಕೆ ಹೋಗಲಿ. ಹಳಬರು ಚಕ್ರಕ್ಕೆ ಚೈನ್ ಸುತ್ತಿ ಏರು ಹತ್ತಿಸುತ್ತಿದ್ದರು, ಹಿಮದ ದೇಶಗಳದ್ದೂ ಇದೇ ಉಪಾಯ. ಸಾಮಾನ್ಯವಾಗಿ 30 ಪಿಎಸ್ಐ ಆಸುಪಾಸು ಇರುವ ಗಾಳಿಯ ಒತ್ತಡವನ್ನು 20ಕ್ಕೆ ಇಳಿಸಿದರೆ ಅದೇ ಟಯರು ಎಷ್ಟೋ ಮೇಲು, ಖರ್ಚು ಒಂದು ಕಾಲ್ಪಂಪಿನದು ಮಾತ್ರ.

ಆಲೂರಿನ ಪೂರ್ವಕ್ಕೆ ಮಳೆ ಕಡಿಮೆ. ಪಶ್ಚಿಮಕ್ಕೆ ಬಿಸಿಲೆ, ಹಾನಬಾಳು ಕಡೆ ಹೋದಂತೆ ಸೋನೆ ಹಿಡಿದರೆ ಬಿಡುವುದಿಲ್ಲ. ಕುಂದೂರು ನಡುವೆ ಇದೆ. ಇಲ್ಲಿಗೆ ಮಳೆಯಷ್ಟೇ ಮುಖ್ಯ ಆನೆ. ಮುಸ್ಸಂಜೆಯಲ್ಲಿ ತಿರುವಿನಾಚೆ ಆನೆ ಎದುರಾದರೆ ಹತ್ತುವ ಬಲಕ್ಕಿಂತ ನೂರು ಮಾರು ಗಾಬರಿಯಿಲ್ಲದೆ ರಿವರ್ಸ್ ಹೋಗುವ ಗಾಡಿಯೇ ಜೀವ ಉಳಿಸುತ್ತದೆ. ಸಪೂರ ಗಾಡಿಗೆ, ಹಿಂದಿನ ಗಾಜಿನಲ್ಲಿ ದಾರಿ ಚೆನ್ನಾಗಿ ಕಾಣುವ ಗಾಡಿಗೆ ಇಲ್ಲಿ ಇನ್ನೊಂದು ಅಂಕ.

ಇಷ್ಟೆಲ್ಲ ಜಾಗ್ರತೆಯಿಂದ ಕೊಂಡ ಜೀಪನ್ನು ಹುಲ್ಲುಗಾವಲಿನ ಬೋರೆಗೆ ಹತ್ತಿಸಿ, ಚಕ್ರ ಸುತ್ತಿಸಿ ರೀಲ್ಸ್ ಮಾಡುವುದು ನೋವಿನ ಸಂಗತಿ. ಒಂದು ಮಳೆಗಾಲದಲ್ಲಿ ಬಿದ್ದ ಜಾಡು ಮುಂದಿನ ಮಳೆಗೆ ತೊರೆಯಾಗುತ್ತದೆ, ಹುಲ್ಲಿನ ಬೇರು ಹಿಡಿದಿಟ್ಟ ಮಣ್ಣು ಕೆಳಗಿನ ಗದ್ದೆಗೆ ಇಳಿಯುತ್ತದೆ. ಮೀಸಲು ಅರಣ್ಯಕ್ಕೆ ಅಪ್ಪಣೆಯಿಲ್ಲದೆ ಗಾಡಿ ನುಗ್ಗಿಸುವುದು ಅಪರಾಧವೂ ಹೌದು. ತೋಟದ ದಾರಿಯೂ ಹಾಗೆಯೇ. ಒಬ್ಬರು ಜೋರಾಗಿ ತುಳಿದು ತೋಡಿದ ಗುಂಡಿಯನ್ನು ಮರುದಿನ ಬೆಳಿಗ್ಗೆ ದಾಟಬೇಕಾದವರು ತಲೆಯ ಮೇಲೆ ಹೊರೆ ಹೊತ್ತ ಕೂಲಿಯವರು.

ತೀರ್ಪು ಹೀಗೆ. ಒಂಟಿಯಾಗಿ ತೋಟ ಸುತ್ತುವವರಿಗೆ, ಕೆಸರಿನಲ್ಲಿ ಓಡಿಸಲು ಕಲಿಯುತ್ತಿರುವವರಿಗೆ ಮಡ್ ಟಯರು ಹಾಕಿದ ಜಿಮ್ನಿ. ಹೊರೆ ಹೇರುವವರಿಗೆ ಹಿಂದಿನ ಲಾಕ್ ಇರುವ, ನಾಲ್ಕು ಚಕ್ರಕ್ಕೂ ಬಲವಿರುವ ಥಾರ್ ಡೀಸೆಲ್. ಕೊಳ್ಳುವ ಮೊದಲು ಪರಿಚಯದವರ ಗಾಡಿಯಲ್ಲಿ ನಿಮ್ಮದೇ ತೋಟದ ಏರನ್ನು ಒಮ್ಮೆ ಹತ್ತಿ ನೋಡಿ, ಜನವರಿಯ ಧೂಳಿನಲ್ಲಿ ಬೇಡ, ಜುಲೈನಲ್ಲಿ.